ತೂಕವಿದ್ದರೆ ಗಟ್ಟಿಯೇ?

ವೈ.ಎನ್.ಹೊಸಕೋಟೆ ಸುತ್ತ ಮಳೆ ಕಡಿಮೆ, ಕೊಳವೆಬಾವಿ ನೀರಲ್ಲಿ ಫ್ಲೋರೈಡ್ ಹೆಚ್ಚು. ಹಾಗಾಗಿ ತೋಟಕ್ಕೆ ಪೈಪು, ಶುದ್ಧ ನೀರು ತರಲು ಕ್ಯಾನು, ಕೊಡ ಎಲ್ಲರಿಗೂ ಬೇಕು. ಅಗ್ಗದ ಮಾಲಿನಲ್ಲಿ ಗುಜರಿ ಪ್ಲಾಸ್ಟಿಕ್ ಕರಗಿಸಿ ಮಾಡಿದ್ದೂ ಇರುತ್ತದೆ. ಅದೆಲ್ಲ ಕಳಪೆಯೂ ಅಲ್ಲ, ಎಲ್ಲ ಒಳ್ಳೆಯದೂ ಅಲ್ಲ. ಕಣ್ಣಳತೆ, ಕೈತೂಕದಿಂದ ಅದನ್ನು ತೀರ್ಮಾನಿಸಲು ಹೊರಟಾಗಲೇ ಎಡವುವುದು.

ತಪ್ಪು ಕಲ್ಪನೆ: ಕೈಗೆ ತೂಕ ಸಿಕ್ಕರೆ ಮಾಲು ಗಟ್ಟಿ.

ಸತ್ಯ: ಪಾಲಿಥೀನ್, ಪಾಲಿಪ್ರೊಪಿಲೀನ್ ಎರಡೂ ನೀರಿಗಿಂತ ಹಗುರ. ಇವುಗಳಿಂದ ಮಾಡಿದ್ದೆಂದು ಕೊಟ್ಟ ಪೈಪಿನ ಚೂರು ಬಕೆಟ್ ನೀರಲ್ಲಿ ಮುಳುಗಿದರೆ, ಸುಣ್ಣಕಲ್ಲಿನ ಪುಡಿ ಬೆರೆತಿರಬಹುದು ಅಥವಾ ಪ್ಲಾಸ್ಟಿಕ್ಕೇ ಬೇರೆ ಇರಬಹುದು. ಪ್ರಯೋಗಾಲಯದಲ್ಲಿ ಚೂರನ್ನು ಕುಲುಮೆಯಲ್ಲಿ ಸುಟ್ಟು, ಉಳಿದ ಬೂದಿ ತೂಗುತ್ತಾರೆ. ಬೆರೆಸಿದ ಪುಡಿಯ ಲೆಕ್ಕ ಅಲ್ಲಿ ಬಯಲಾಗುತ್ತದೆ. ಪುಡಿ ಅತಿಯಾದರೆ ತೂಕ ಏರುತ್ತದೆ, ಬಾಗುವ ಗುಣ ಹೋಗಿ ಪೈಪು ಪಟಕ್ಕನೆ ಸೀಳುತ್ತದೆ.

ತಪ್ಪು ಕಲ್ಪನೆ: ಕಪ್ಪು ಪೈಪೆಂದರೆ ಗುಜರಿ ಮಾಲು.

ಸತ್ಯ: ಕಪ್ಪು ಬಣ್ಣ ಬಿಸಿಲಿಗೆ ಕೊಡೆ. ಕುಡಿಯುವ ನೀರಿನ ಎಚ್‌ಡಿಪಿಇ (ಒಂದು ಬಗೆಯ ಪಾಲಿಥೀನ್) ಪೈಪಿನ ಮಾನಕ ಐಎಸ್ 4984 ಪ್ರಕಾರ ಶೇ 2.5ರ ಆಸುಪಾಸಿನಲ್ಲಿ ಕಾರ್ಬನ್ ಬ್ಲ್ಯಾಕ್ ಇರಬೇಕು, ಅದು ಎಲ್ಲೆಡೆ ಸಮನಾಗಿ ಹರಡಿರಬೇಕು. ಆ ಪೈಪಿಗೆ ಹೊರಗಿನ ಮರುಬಳಕೆ ಪ್ಲಾಸ್ಟಿಕ್ ಸೇರಿಸುವಂತಿಲ್ಲ. ಆದರೆ ಕಪ್ಪು ಬಣ್ಣ ಬೆರಕೆಯನ್ನೂ ಮುಚ್ಚಬಲ್ಲದು. ಆದ್ದರಿಂದ ಬಣ್ಣ ನೋಡದೆ ಐಎಸ್‌ಐ ಗುರುತು ನೋಡಿ.

ತಪ್ಪು ಕಲ್ಪನೆ: ಎಷ್ಟು ಸಲ ಕರಗಿಸಿದರೂ ಪ್ಲಾಸ್ಟಿಕ್ ಅದೇ.

ಸತ್ಯ: ಪಾಲಿಪ್ರೊಪಿಲೀನ್‌ನ ಉದ್ದುದ್ದ ಅಣುಸರಪಳಿಗಳು ಕಾಯಿಸಿದಷ್ಟೂ ತುಂಡಾಗುತ್ತವೆ. ಇದನ್ನು ಹಿಡಿಯುವುದು ಮೆಲ್ಟ್ ಫ್ಲೋ ಪರೀಕ್ಷೆ: ಕೆಲವೇ ಗ್ರಾಂ ಪ್ಲಾಸ್ಟಿಕ್ ಹರಳನ್ನು 230 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗಿಸಿ, ಮೇಲೆ 2.16 ಕೆ.ಜಿ. ಭಾರವಿಟ್ಟು, ಸುಮಾರು 2 ಮಿ.ಮೀ. ರಂಧ್ರದಿಂದ 10 ನಿಮಿಷಕ್ಕೆ ಎಷ್ಟು ಗ್ರಾಂ ಇಳಿಯಿತೆಂದು ತೂಗುತ್ತಾರೆ. ಅದೇ ಮಾಲು ಮೊದಲಿಗಿಂತ ಸಲೀಸಾಗಿ ಸುರಿದರೆ ಸರಪಳಿ ಮುರಿದಿದೆ ಎಂದರ್ಥ. ಅಂಥದ್ದರಲ್ಲಿ ಎರಕ ಹೊಯ್ದ ಕುರ್ಚಿಯ ಕಾಲು ಮುರಿಯುವುದು ಬೇಗ.

ತಪ್ಪು ಕಲ್ಪನೆ: ತಳದಲ್ಲಿ ತ್ರಿಕೋನವಿದ್ದರೆ ಊಟದ ಪದಾರ್ಥ ಇಡಬಹುದು.

ಸತ್ಯ: ತ್ರಿಕೋನದೊಳಗಿನ 1ರಿಂದ 7ರವರೆಗಿನ ಅಂಕಿ ಪ್ಲಾಸ್ಟಿಕ್ಕಿನ ಜಾತಿ ಹೇಳುತ್ತದೆ, ಅಷ್ಟೇ. ಅದು ಶುದ್ಧತೆಯ ಪ್ರಮಾಣಪತ್ರವಲ್ಲ. ಕೀಟನಾಶಕದ ಡಬ್ಬಿಯ ಮೇಲೂ ಅದೇ ಅಂಕಿ ಇರಬಹುದು.

ತಪ್ಪು ಕಲ್ಪನೆ: ಒಮ್ಮೆ ಲ್ಯಾಬ್ ರಿಪೋರ್ಟ್ ಬಂದರೆ ಸಾಕು.

ಸತ್ಯ: ಗುಜರಿ ಪ್ರತಿ ಲೋಡಿಗೂ ಬದಲಾಗುತ್ತದೆ. ನೀರಿನ ಬಾಟಲಿಯ ಪಿಇಟಿ, ಪಿವಿಸಿ ಎರಡೂ ನೀರಲ್ಲಿ ಮುಳುಗುತ್ತವೆ. ಹಾಗಾಗಿ ಅವನ್ನು ತೊಟ್ಟಿಯಲ್ಲಿ ತೇಲಿಸಿ ಬೇರ್ಪಡಿಸಲಾಗದು. ಪಿಇಟಿ ಕರಗುವ ಕಾವಿಗೆ ಪಿವಿಸಿ ಆಮ್ಲ ಬಿಟ್ಟು ಇಡೀ ಮಾಲನ್ನು ಹಳದಿಗೆ ತಿರುಗಿಸುತ್ತದೆ. ಅದಕ್ಕೇ ಬ್ಯಾಚ್ ಬ್ಯಾಚಿಗೂ ಪರೀಕ್ಷೆ ಬೇಕು. ಮೈಸೂರಿನ ಕೇಂದ್ರ ಸರ್ಕಾರಿ ಪ್ಲಾಸ್ಟಿಕ್ ತಂತ್ರಜ್ಞಾನ ಸಂಸ್ಥೆ ಸಿಪೆಟ್‌ನಲ್ಲಿ ಪ್ಲಾಸ್ಟಿಕ್ ಪರೀಕ್ಷೆಯ ಸೌಲಭ್ಯವಿದೆ. ಮರುಬಳಕೆಯ ಹರಳನ್ನು ಸಗಟಾಗಿ ಖರೀದಿಸುವವರು ವರದಿ ಕೇಳಿ. ಅದರ ಬ್ಯಾಚ್ ಸಂಖ್ಯೆಯೂ ಮೂಟೆ ಮೇಲಿನ ಸಂಖ್ಯೆಯೂ ತಾಳೆಯಾಗದಿದ್ದರೆ ಹಣ ಕೊಡಬೇಡಿ.