ಹಳೆಯ ರೌಟರ್, ಹೊಸ ಮಿದುಳು

ಶೀರ್ಷಿಕೆ ನೋಡಿ "ಓಹೋ, ಮನೆಯ ವೈ-ಫೈ ಸರಿ ಮಾಡುವ ಉಪಾಯ ಇರಬೇಕು" ಅಂದುಕೊಂಡು ಓದಲು ಕೂತಿದ್ದರೆ ಈಗಲೇ ಹೇಳಿಬಿಡುತ್ತೇನೆ, ಇದು ಆ ರೌಟರ್ ಅಲ್ಲ. ಇದು ಮರ ಕೊರೆಯುವ ಸಿಎನ್‌ಸಿ ರೌಟರ್. ಒಂದು ಮೇಜು, ಅದರ ಮೇಲೆ ಎಡ-ಬಲ, ಹಿಂದೆ-ಮುಂದೆ, ಮೇಲೆ-ಕೆಳಗೆ ಚಲಿಸುವ ಒಂದು ತೊಲೆ, ತೊಲೆಗೆ ಕಟ್ಟಿದ ಒಂದು ಮೋಟಾರು, ಮೋಟಾರಿನ ತುದಿಯಲ್ಲಿ ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುವ ಬಿಟ್. ಎಲ್ಲಿಗೆ ಹೋಗಬೇಕು, ಎಷ್ಟು ಆಳ ಕೊರೆಯಬೇಕು ಎಂದು ಹೇಳುವುದು ಕಂಪ್ಯೂಟರ್. ಬಡಗಿಯ ಕೈ, ಎಂಜಿನಿಯರನ ತಲೆ ಅನ್ನಿ.

ನಮ್ಮ ಬೀದಿಯಲ್ಲಿ ಡೆಟ್ರಾಯಿಟ್‌ನ ಕಾರ್ಖಾನೆಗಳಿಗೆ ಡೈ ಮಾಡಿಕೊಟ್ಟು ನಿವೃತ್ತರಾದ ಹಿರಿಯರೊಬ್ಬರಿದ್ದರು. ಮಿಶಿಗನ್ ಚಳಿ ಸಾಕಾಗಿ ಫ್ಲಾರಿಡಾಕ್ಕೆ ಹೊರಟಾಗ ತಾವು 2006ರಲ್ಲಿ ಕಿಟ್ ತಂದು ಜೋಡಿಸಿದ್ದ ಇಂಥದೊಂದು ಯಂತ್ರವನ್ನು 150 ಡಾಲರಿಗೆ ನನಗೆ ದಾಟಿಸಿದರು. ಜೊತೆಗೆ ವಿಂಡೋಸ್ ಎಕ್ಸ್‌ಪಿ ಇದ್ದ ಒಂದು ದಡೂತಿ ಕಂಪ್ಯೂಟರ್ ಉಚಿತ! ಯಂತ್ರಕ್ಕೆ ಕಂಟ್ರೋಲ್ ಪೆಟ್ಟಿಗೆ ಮಾಡಿಕೊಟ್ಟ ಕಂಪನಿ ಬಾಗಿಲು ಹಾಕಿ ಎಷ್ಟೋ ವರ್ಷವಾಗಿತ್ತು. ನನ್ನಾಕೆ ಗರಾಜಿನಲ್ಲಿ ಅದನ್ನೊಮ್ಮೆ, ನನ್ನನ್ನೊಮ್ಮೆ ನೋಡಿ, "ಹಿಮ ಬಿದ್ದಾಗ ಕಾರು ಎಲ್ಲಿ ನಿಲ್ಲುತ್ತೆ?" ಎಂದಷ್ಟೇ ಕೇಳಿದಳು.

ಉತ್ತರ ನನ್ನ ಬಳಿ ಇತ್ತು. ಭಾನುವಾರದ ಕನ್ನಡ ತರಗತಿಯಲ್ಲಿ ಪುಟಾಣಿಗಳಿಗೆ ಕಲಿಸುವ ಅಕ್ಕ ಬಹಳ ದಿನದಿಂದ ಒಂದು ಮಾತು ಹೇಳುತ್ತಿದ್ದರು. ಇಲ್ಲಿ ಹುಟ್ಟಿದ ಮಕ್ಕಳು ಕನ್ನಡ ಅಕ್ಷರವನ್ನು ಚಿತ್ರದಂತೆ ನೋಡಿ ನಕಲು ಮಾಡುತ್ತಾರೆ. ಎಲ್ಲಿಂದ ಶುರು, ಎಲ್ಲಿ ತಿರುವು ಎಂಬುದು ಕೈಗೆ ಕೂರುವುದಿಲ್ಲ. ನಾವೆಲ್ಲ ಅಕ್ಕಿಯಲ್ಲಿ ಬೆರಳಾಡಿಸಿ, ಸ್ಲೇಟಿನ ಮೇಲೆ ತಿದ್ದಿ ತಿದ್ದಿ ಕಲಿತವರು. ಹಾಗೆ ಬೆರಳಿಟ್ಟು ತಿದ್ದಲು ಮರದ ಹಲಗೆಯಲ್ಲಿ ಅಕ್ಷರ ಕೊರೆದುಕೊಡಲು ಆಗುತ್ತದೆಯೇ ಎಂಬುದು ಅವರ ಪ್ರಶ್ನೆ. ವರ್ಣಮಾಲೆಯ 49 ಅಕ್ಷರ, ರಾಜ್ಯೋತ್ಸವದ ಹೊತ್ತಿಗೆ. ಯಂತ್ರ ನಡೆದರೆ ಹಲಗೆ, ಇಲ್ಲದಿದ್ದರೆ ಗುಜರಿ.

ಈಗ ರೋಗ ಏನು ನೋಡೋಣ. ಇಂಥ ಯಂತ್ರದಲ್ಲಿ ಇರುವುದು ಸ್ಟೆಪ್ಪರ್ ಮೋಟಾರ್. ಒಂದು ಮಿಡಿತ ಕೊಟ್ಟರೆ ಒಂದು ಹೆಜ್ಜೆ ತಿರುಗುತ್ತದೆ. ಒಂದು ಸುತ್ತಿಗೆ 200 ಹೆಜ್ಜೆ. ಪ್ರತಿ ಹೆಜ್ಜೆಯನ್ನು ಡ್ರೈವರ್ ಎಂಟು ಪಾಲು ಮಾಡಿದರೆ 1,600. ನನ್ನ ಯಂತ್ರದ ಸ್ಕ್ರೂ ಒಂದು ಸುತ್ತಿಗೆ 5.08 ಮಿಲಿಮೀಟರ್ ಮುಂದೆ ಹೋಗುತ್ತದೆ, ಅಂದರೆ ಮಿಲಿಮೀಟರಿಗೆ ಸುಮಾರು 315 ಮಿಡಿತ. ನಿಮಿಷಕ್ಕೆ ಒಂದೂವರೆ ಮೀಟರ್ ವೇಗಕ್ಕೆ ಸೆಕೆಂಡಿಗೆ ಸುಮಾರು 7,900 ಮಿಡಿತ ಬೇಕು, ಅದೂ ತಾಳ ತಪ್ಪದಂತೆ. ತಾಳ ತಪ್ಪಿದರೆ ಮೋಟಾರು ಮುಗ್ಗರಿಸಿ ಹೆಜ್ಜೆ ಬಿಡುತ್ತದೆ. ಬಿಟ್ಟಿದ್ದು ಕಂಪ್ಯೂಟರಿಗೆ ತಿಳಿಯುವುದೇ ಇಲ್ಲ!

ಆ ಕಾಲದಲ್ಲಿ ಈ ತಾಳ ಹಾಕುತ್ತಿದ್ದುದು ಸ್ವತಃ ಕಂಪ್ಯೂಟರೇ, ಪ್ರಿಂಟರಿಗೆಂದು ಇದ್ದ 25 ಪಿನ್ನಿನ ಪ್ಯಾರಲಲ್ ಪೋರ್ಟಿನ ಮೂಲಕ. ವಿಂಡೋಸಿಗೆ ನೂರೆಂಟು ಕೆಲಸ. ಕಚೇರಿಯ ನಡುವೆ ಮೃದಂಗದವರು ಫೋನ್ ಎತ್ತಿಕೊಂಡರೆ ಹಾಡುವವರ ಗತಿ ಏನಾಗಬೇಕು? ಅಂಥ ಪರಿಸ್ಥಿತಿ. ಮ್ಯಾಕ್3 ಎಂಬ ಜನಪ್ರಿಯ ತಂತ್ರಾಂಶ ಜಾಣತನದಿಂದ ಅದನ್ನು ಸಂಭಾಳಿಸುತ್ತಿತ್ತು. ಆದರೆ ಅದರ ಪ್ಯಾರಲಲ್ ಪೋರ್ಟ್ ವ್ಯವಸ್ಥೆ 64 ಬಿಟ್ ವಿಂಡೋಸಿನಲ್ಲಿ ನಡೆಯುವುದಿಲ್ಲ, ಹೊಸ ಲ್ಯಾಪ್‌ಟಾಪುಗಳಲ್ಲಿ ಆ ಪೋರ್ಟೇ ಇಲ್ಲ, ಎಕ್ಸ್‌ಪಿಗೆ ಮೈಕ್ರೋಸಾಫ್ಟ್ 2014ರ ಏಪ್ರಿಲ್‌ನಲ್ಲೇ ಎಳ್ಳುನೀರು ಬಿಟ್ಟಿತು. ಕಬ್ಬಿಣ ಗಟ್ಟಿಮುಟ್ಟಾಗಿದೆ, ಮಿದುಳಿಗೆ ಅರಳುಮರಳು.

ಈಗಿನ ದಾರಿ ಬೇರೆ. ತಾಳ ಹಾಕುವುದಷ್ಟನ್ನೇ ಮಾಡುವ ಚಿಕ್ಕ ಮೈಕ್ರೋಕಂಟ್ರೋಲರ್ ಒಂದನ್ನು ನಡುವೆ ಕೂರಿಸುತ್ತಾರೆ. 2009ರಲ್ಲಿ ನಾರ್ವೆಯ ಸಿಮೆನ್ ಸ್ವಾಲೆ ಸ್ಕೋಗ್ಸ್‌ರುಡ್ ಶುರು ಮಾಡಿದ ಜಿಆರ್‌ಬಿಎಲ್ ಎಂಬ ಮುಕ್ತ ತಂತ್ರಾಂಶ ಈ ಕೆಲಸವನ್ನು ಬರೀ 2 ಕಿಲೋಬೈಟ್ ರ‍್ಯಾಮ್ ಇರುವ ಆರ್ಡುಯಿನೋ ಬೋರ್ಡಿನಲ್ಲಿ ಮಾಡಿ ತೋರಿಸಿತು. ನಾನು ಹಾಕಿದ್ದು ಅದರ ಮುಂದಿನ ತಲೆಮಾರು ಜಿಆರ್‌ಬಿಎಲ್-ಹಾಲ್, 600 ಮೆಗಾಹರ್ಟ್ಸ್‌ನ ಟೀನ್ಸಿ 4.1 ಬೋರ್ಡಿನ ಮೇಲೆ. ಲ್ಯಾಪ್‌ಟಾಪ್ ಈಗ ಯುಎಸ್‌ಬಿ ಮೂಲಕ "ಇಲ್ಲಿಂದ ಅಲ್ಲಿಗೆ ಹೋಗು" ಎಂಬ ಸಾಲುಗಳನ್ನು ಕೊಡುತ್ತದೆ ಅಷ್ಟೇ. ಮಿಡಿತದ ಲೆಕ್ಕ ಬೋರ್ಡಿನದು.

ಮೂರು ಹೊಸ ಡ್ರೈವರ್, 36 ವೋಲ್ಟಿನ ಪವರ್ ಸಪ್ಲೈ, ಬೋರ್ಡು, ಸ್ವಿಚ್ಚು, ವೈರು ಎಲ್ಲ ಸೇರಿ ನನಗೆ ಆದ ಖರ್ಚು ಸುಮಾರು 420 ಡಾಲರ್. ಮೋಟಾರು, ಸ್ಕ್ರೂ, ಚೌಕಟ್ಟು ಎಲ್ಲ ಹಳೆಯವೇ. ಯಂತ್ರಕ್ಕೆ ಅಪ್ಪಣೆ ಕೊಡುವ ಭಾಷೆಯೂ ಹಳೆಯದೇ. "ಜಿ1 ಎಕ್ಸ್50 ಎಫ್1500" ಎಂದರೆ 50ನೆಯ ಮಿಲಿಮೀಟರಿನ ಗುರುತಿಗೆ ಆ ವೇಗದಲ್ಲಿ ನೇರ ಹೋಗು ಎಂದು. ಈ ಜಿ-ಕೋಡ್ ನನ್ನ ವಯಸ್ಸಿಗಿಂತ ಹಿರಿದು. ಆ ಹಿರಿಯರು 2006ರಲ್ಲಿ ಬರೆದಿಟ್ಟ ಫೈಲುಗಳು ಹೊಸ ಬೋರ್ಡಿನಲ್ಲಿ ಹಾಗೇ ಓಡಿದವು. ನಮ್ಮ ಸಾಫ್ಟ್‌ವೇರ್ ಲೋಕದಲ್ಲಿ ಮೂರು ವರ್ಷ ಹಳೆಯ ಪ್ರೋಗ್ರಾಂ ಹಾಗೇ ಓಡಿದರೆ ಸಿಹಿ ಹಂಚುತ್ತೇವೆ!

ಅಂದಹಾಗೆ, ಈ ವಿದ್ಯೆಗೂ ನಮ್ಮ ಮಿಶಿಗನ್ನಿಗೂ ಹತ್ತಿರದ ನಂಟಿದೆ. ಬೇಸಿಗೆಯಲ್ಲಿ ಚೆರ್ರಿ ಹಬ್ಬಕ್ಕೆಂದು ನಾವು ಕಾರು ಕಟ್ಟಿಕೊಂಡು ಹೋಗುವ ಟ್ರಾವರ್ಸ್ ಸಿಟಿ ಇದೆಯಲ್ಲ, 1940ರ ದಶಕದಲ್ಲಿ ಅಲ್ಲಿ ಜಾನ್ ಪಾರ್ಸನ್ಸ್ ಎಂಬುವರ ಕಾರ್ಖಾನೆ ಹೆಲಿಕಾಪ್ಟರಿನ ರೆಕ್ಕೆಗಳನ್ನು ಮಾಡುತ್ತಿತ್ತು. ರೆಕ್ಕೆಯ ಬಾಗು ಕರಾರುವಾಕ್ಕಾಗಿ ಬರಬೇಕು. ಅವರೂ ಸಹೋದ್ಯೋಗಿ ಫ್ರಾಂಕ್ ಸ್ಟುಲೆನ್ ಅವರೂ ಐಬಿಎಂ ಲೆಕ್ಕದ ಯಂತ್ರದಿಂದ ಆ ಬಾಗಿನ ಮೇಲಿನ ಬಿಂದುಗಳ ಪಟ್ಟಿ ತೆಗೆದರು. ಒಬ್ಬ ಪಟ್ಟಿ ಓದುವುದು, ಇಬ್ಬರು ಎರಡು ಹಿಡಿಗಾಲಿ ತಿರುಗಿಸುವುದು, ಹೀಗೆ ಕೆಲಸ ನಡೆಯಿತು. ಆ ಮೂವರ ಕೆಲಸವನ್ನು ಯಂತ್ರವೇ ಮಾಡಿದರೆ? ಅಮೆರಿಕದ ವಾಯುಪಡೆ ದುಡ್ಡು ಕೊಟ್ಟಿತು, ಎಂಐಟಿ ಕೈಜೋಡಿಸಿತು, 1952ರಲ್ಲಿ ಸಂಖ್ಯೆಗಳಿಂದ ನಡೆಯುವ ಮಿಲ್ಲಿಂಗ್ ಮೆಷಿನ್ ಲೋಕದೆದುರು ನಿಂತಿತು. ನನಗೆ ಬಹಳ ಹಿಡಿಸಿದ ಸಂಗತಿ ಒಂದಿದೆ. ಎಂಐಟಿಯವರು ಹೊಸ ಯಂತ್ರ ಕಟ್ಟಲಿಲ್ಲ. ಸಿನ್ಸಿನಾಟಿ ಕಂಪನಿಯ ಒಂದು ಮಾಮೂಲಿ ಮಿಲ್ಲಿಂಗ್ ಮೆಷಿನ್ನಿಗೆ ಮೋಟಾರು, ನಿರ್ವಾತ ಕೊಳವೆಗಳ ಅಲಮಾರು, ರಂಧ್ರ ಹೊಡೆದ ಕಾಗದದ ಪಟ್ಟಿ ಜೋಡಿಸಿದರು. ಅಂದರೆ ಈ ವಂಶದ ಮೂಲಪುರುಷನೇ ಹಳೆಯ ಕಬ್ಬಿಣಕ್ಕೆ ಹೊಸ ಮಿದುಳು ಕೂರಿಸಿದ್ದು! ಪಾರ್ಸನ್ಸ್ 2007ರಲ್ಲಿ ತೀರಿಕೊಂಡರು, ಅದೇ ಟ್ರಾವರ್ಸ್ ಸಿಟಿಯಲ್ಲಿ.

ಇನ್ನು ನಮ್ಮ ಕಡೆಯ ಸಂಗತಿ. ನಮ್ಮಪ್ಪ ಬೆಂಗಳೂರಿನ ಪೀಣ್ಯದಲ್ಲಿ ಮೂವತ್ತೈದು ವರ್ಷ ಲೇತ್ ಮುಂದೆ ನಿಂತವರು. 1953ರಲ್ಲಿ ಬೆಂಗಳೂರಿನಲ್ಲಿ ಎಚ್‌ಎಂಟಿ ಶುರುವಾದ ಮೇಲೆ ಊರಿಗೆ ಹಬ್ಬಿದ ಯಂತ್ರವಿದ್ಯೆಯ ಕೊನೆಯ ಕೊಂಬೆಗಳಲ್ಲಿ ಅವರೂ ಒಬ್ಬರು. 90ರ ದಶಕದ ಕೊನೆಯಲ್ಲಿ ಅವರ ಶೆಡ್ಡಿನ ಏಕೈಕ ಎನ್‌ಸಿ ಲೇತ್‌ನ ಕಂಟ್ರೋಲ್ ಸತ್ತುಹೋಯಿತಂತೆ. ಹೊಸ ಯಂತ್ರಕ್ಕೆ ಮಾಲೀಕರ ಬಳಿ ದುಡ್ಡಿಲ್ಲ. ಯಂತ್ರ ಗುಜರಿಗೆ ಹೋದರೆ ಅದನ್ನು ನಂಬಿದ ನಾಲ್ವರೂ ಮನೆಗೆ. ಕಬ್ಬಿಣ ಉಳಿಸಿಕೊಂಡು ಹೊಸ ಕಂಟ್ರೋಲ್ ಹಾಕಿಸಿದರು, ನಾಲ್ವರ ಕೆಲಸ ಉಳಿಯಿತು. ಆ ನಾಲ್ವರಲ್ಲಿ ಒಬ್ಬರು ನಮ್ಮಪ್ಪ. ನನ್ನ ಎಂಜಿನಿಯರಿಂಗ್ ಕಾಲೇಜಿನ ಫೀಸು ಬಂದದ್ದು ಆ ಯಂತ್ರದಿಂದಲೇ. ನನಗೆ ಇದು ಶನಿವಾರದ ಹವ್ಯಾಸ, ಪೀಣ್ಯದಲ್ಲಿ ಅದು ಹೊಟ್ಟೆಪಾಡು.

ಹಾಗಾಗಿ ಹೊಸ ಮಿದುಳು ಹಾಕಿ ಮೊದಲ ಅಕ್ಷರ ಕೊರೆದ ರಾತ್ರಿ ಫೋನಾಯಿಸಿದ್ದು ಅಪ್ಪನಿಗೆ. ಅಲ್ಲಿ ಭಾನುವಾರ ಬೆಳಗಿನ ಕಾಫಿ ಹೊತ್ತು. ಪರೀಕ್ಷೆಗೆ ಆರಿಸಿದ್ದು 'ಠ'. ಯಾಕೆಂದರೆ ಅದು ಹೆಚ್ಚುಕಡಿಮೆ ಪೂರ್ತಿ ವೃತ್ತ, ಎಲ್ಲಿ ತಪ್ಪಿದರೂ ಕಣ್ಣಿಗೆ ಬೀಳುತ್ತದೆ. ನನ್ನ 'ಠ'ಗೆ ನಾಲ್ಕು ದಿಕ್ಕಿನಲ್ಲೂ ಒಂದೊಂದು ಪುಟ್ಟ ಮೆಟ್ಟಿಲು ಬಂದಿತ್ತು. ವಿಡಿಯೋದಲ್ಲಿ ನೋಡಿದ ಅಪ್ಪ, "ಸ್ಕ್ರೂನಲ್ಲಿ ಪ್ಲೇ ಇದೆ ಕಣೋ. ಮೋಟಾರು ಆಫ್ ಮಾಡಿ ಕೈಯಲ್ಲಿ ಅಲ್ಲಾಡಿಸಿ ನೋಡು" ಅಂದರು. ಡಯಲ್ ಗೇಜ್ ಇಟ್ಟು ನೋಡಿದರೆ 0.3 ಮಿಲಿಮೀಟರ್. ವರ್ಷಗಟ್ಟಲೆ ತಿರುಗಿ ನಟ್ಟು ಸವೆದಿತ್ತು. ದಿಕ್ಕು ಬದಲಿಸಿದಾಗಲೆಲ್ಲ ಸ್ಕ್ರೂ ಮೊದಲು ಆ ಸಡಿಲವನ್ನು ತಿಂದು, ಆಮೇಲೆ ತೊಲೆಯನ್ನು ತಳ್ಳುತ್ತಿತ್ತು.

"ಅಪ್ಪ, ಸಾಫ್ಟ್‌ವೇರ್‌ನಲ್ಲೇ ಸರಿ ಮಾಡಬಹುದು, ದಿಕ್ಕು ಬದಲಿಸುವಾಗ 0.3 ಜಾಸ್ತಿ ತಿರುಗು ಅಂತ ಹೇಳಿದರಾಯಿತು" ಅಂದೆ. ಅಪ್ಪ ನಕ್ಕು, "ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು! ಕಬ್ಬಿಣದ ರೋಗಕ್ಕೆ ಕಬ್ಬಿಣಕ್ಕೇ ಮದ್ದು ಕೊಡು" ಅಂದರು. ಅವರು ಕೊಟ್ಟ ಕಾರಣ ಯಾವ ಮ್ಯಾನ್ಯುಯಲ್ಲಿಗೂ ಕಡಿಮೆಯಿಲ್ಲ. ಲೆಕ್ಕ ಹಾಕಿ ತಂದು ನಿಲ್ಲಿಸಿದರೂ ತೊಲೆ ಆ ಸಡಿಲದೊಳಗೆ ಅಲ್ಲಾಡಬಲ್ಲದು. ಬಿಟ್ ಮರವನ್ನು ಕಚ್ಚಿದ ಕೂಡಲೇ ಮರವೇ ಅದನ್ನು ಎಳೆಯುತ್ತದೆ. ಸಾಫ್ಟ್‌ವೇರಿಗೆ ತಾನು ಎಷ್ಟು ತಿರುಗಿಸಿದೆ ಎಂಬುದು ಗೊತ್ತು, ಮರ ಎಷ್ಟು ಎಳೆಯಿತು ಎಂಬುದು ಗೊತ್ತಿಲ್ಲ. ಸ್ಪ್ರಿಂಗ್ ಇರುವ, ಪ್ಲೇ ತೆಗೆಯುವ ಹೊಸ ನಟ್ಟುಗಳನ್ನು ಹಾಕಿ, ಕಪ್ಲಿಂಗಿನ ಸ್ಕ್ರೂಗಳನ್ನು ಬಿಗಿದೆ. ಗೇಜು 0.05ಕ್ಕೆ ಇಳಿಯಿತು. ಮುಂದಿನ ಭಾನುವಾರದ 'ಠ' ದುಂಡಗೆ ಬಂತು. ಅಪ್ಪ "ಹ್ಞೂಂ" ಅಂದರು. ಅವರ ಕಡೆಯಿಂದ ಅದು ಡಿಸ್ಟಿಂಕ್ಷನ್!

ನಿಮ್ಮಲ್ಲಿ ಯಾರಾದರೂ ಈ ಕೆಲಸಕ್ಕೆ ಕೈ ಹಾಕುವುದಿದ್ದರೆ ಇನ್ನೆರಡು ಮಾತು. ತುರ್ತಾಗಿ ನಿಲ್ಲಿಸುವ ಕೆಂಪು ಗುಂಡಿ ಪರದೆಯ ಮೇಲಲ್ಲ, ಕೈಗೆ ಸಿಗುವ ಹಾಗೆ ಯಂತ್ರದ ಮೇಲೇ ಇರಲಿ, ಮೋಟಾರುಗಳ ಮತ್ತು ರೌಟರಿನ ವಿದ್ಯುತ್ತನ್ನೇ ಕಡಿಯಲಿ. ಅದರ ವೈರನ್ನು ಸದಾ ಮುಚ್ಚಿದ ಸರ್ಕ್ಯೂಟ್ ಆಗಿ ಎಳೆಯಿರಿ. ಆಗ ವೈರು ತುಂಡಾದರೂ ಯಂತ್ರ ನಿಲ್ಲುತ್ತದೆ. ಮಕ್ಕಳಿರುವ ಮನೆಯಲ್ಲಿ ಇದಕ್ಕೆ ರಾಜಿ ಇಲ್ಲ. ಇನ್ನೊಂದು ಮರದ ಧೂಳು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಅದನ್ನು ಕ್ಯಾನ್ಸರ್‌ಕಾರಕಗಳ ಪಟ್ಟಿಯಲ್ಲಿ ಇಟ್ಟಿದೆ. ಧೂಳು ಹೀರುವ ವ್ಯಾಕ್ಯೂಮ್, ಮಾಸ್ಕ್, ಕಿವಿಗೆ ರಕ್ಷಣೆ ಇಲ್ಲದೆ ಸ್ವಿಚ್ ಹಾಕಬೇಡಿ.

ಹಲಗೆಗಳ ವಿಷಯಕ್ಕೆ ಬರೋಣ. ದುಂಡನೆಯ ಬಿಟ್ಟಿಗೆ ಒಳಮೂಲೆಯನ್ನು ಚೂಪಾಗಿ ಕೊರೆಯಲು ಬರುವುದಿಲ್ಲ. ಇಂಗ್ಲಿಷಿನ ಮೂಲೆಗಳಲ್ಲಿ ಅದು ತಡವರಿಸುತ್ತದೆ, ನಮ್ಮ ಅಕ್ಷರಗಳಲ್ಲಿ ನೀರು ಕುಡಿದಂತೆ ಹೋಗುತ್ತದೆ. ತಾಳೆಗರಿ ಸೀಳಬಾರದೆಂದು ದುಂಡಗಾದವು ಎಂದು ಹೇಳುವ ಈ ಅಕ್ಷರಗಳು ಯಂತ್ರಕ್ಕೂ ಒಗ್ಗಿದವು! ಆದರೆ ಫಾಂಟುಗಳಲ್ಲಿ ಇರುವುದು ಅಕ್ಷರದ ಹೊರಗೆರೆ, ಬೆರಳಿಗೆ ಬೇಕಾದದ್ದು ನಡುಗೆರೆ. ಆದ್ದರಿಂದ ತರಗತಿಯ ಅಕ್ಕ ಕಾಗದದ ಮೇಲೆ ತಿದ್ದಿಸುವ ಕ್ರಮದಲ್ಲೇ ಬರೆದುಕೊಟ್ಟರು, ನಾನು ಇಂಕ್‌ಸ್ಕೇಪ್‌ನಲ್ಲಿ ಅದರ ಮೇಲೆ ಗೆರೆ ಎಳೆದೆ. ಅವರ ಕೈ ಎಲ್ಲಿ ಶುರುವಾಗುತ್ತದೋ ಬಿಟ್ ಅಲ್ಲೇ ಇಳಿಯುತ್ತದೆ, ಅವರು ತಿರುಗಿದಲ್ಲೇ ತಿರುಗುತ್ತದೆ. ಶುರುವಿನ ಜಾಗದಲ್ಲಿ ಬೆರಳಿಗೆ ಸಿಗುವಂತೆ ಒಂದು ಗುಳಿ. ಒಂದು ಹಲಗೆಗೆ ಸುಮಾರು ನಾಲ್ಕು ನಿಮಿಷ. ಅಕ್ಟೋಬರ್ ಮುಗಿಯುವ ಮೊದಲೇ 49ರ ಎರಡು ಸೆಟ್ ತರಗತಿಗೆ ಸೇರಿದವು. ನನ್ನ ಮಗಳು ಕಣ್ಣು ಮುಚ್ಚಿಕೊಂಡು ಬೆರಳಾಡಿಸಿ "ಇದು ಳ, ಇದು ಕ್ಷ ಅಲ್ಲ, ಕ್ಷ ಈ ಸೆಟ್ಟಲ್ಲಿ ಇಲ್ವೇ ಇಲ್ಲ" ಎಂದು ನನಗೇ ಪಾಠ ಹೇಳುತ್ತಾಳೆ. ಮುಂದಿನ ಕೆಲಸ ಒತ್ತಕ್ಷರ!

ಕೊನೆಗೊಂದು ಕೋರಿಕೆ. ನೋವೈ, ಕ್ಯಾಂಟನ್, ಟ್ರಾಯ್ ಕಡೆಯ ಕಾರ್ಖಾನೆಗಳಲ್ಲಿ ನಮ್ಮವರು ಬಹಳ ಜನ ಇದ್ದೀರಿ. ನಿಮ್ಮ ಅಥವಾ ನೆರೆಯವರ ಬೇಸ್‌ಮೆಂಟಿನಲ್ಲಿ ಇಂಥ ಯಂತ್ರ ಧೂಳು ತಿನ್ನುತ್ತಿದ್ದರೆ ಎಸೆಯುವ ಮುನ್ನ ಕಬ್ಬಿಣವನ್ನೊಮ್ಮೆ ಕೈಯಲ್ಲಿ ಅಲ್ಲಾಡಿಸಿ ನೋಡಿ. ಗಟ್ಟಿಯಿದ್ದರೆ ಕೂಟದ ಸಂಪಾದಕರಿಗೆ ಒಂದು ಮೇಲ್ ಹಾಕಿ, ನನಗೆ ತಲುಪುತ್ತದೆ. ಮಿದುಳಿನ ವ್ಯವಸ್ಥೆ ನಾನು ನೋಡಿಕೊಳ್ಳುತ್ತೇನೆ. ಮೂಳೆಯ ವೈದ್ಯರು ಪೀಣ್ಯದಲ್ಲಿದ್ದಾರೆ, ಭಾನುವಾರ ಬೆಳಿಗ್ಗೆ ಬಿಡುವಾಗಿಯೇ ಇರುತ್ತಾರೆ, ಫೀಸು ಇಲ್ಲ.