ರಾಡೆಗಾಸ್ಟ್: ಸರಕಿನ ಲೆಕ್ಕದಲ್ಲಿ ಜನರನ್ನು ಸಾಗಿಸಿದ ನಿಲ್ದಾಣ

ಪೋಲೆಂಡಿನ ವೂಚ್ ನಗರದ (ನಕ್ಷೆಗಳಲ್ಲಿ ಲೋಡ್ಜ್ ಎಂದು ಕಾಣುವ ಊರು) ಅಂಚಿನಲ್ಲಿ ಮರದ ಪುಟ್ಟ ಕಟ್ಟಡವೊಂದಿದೆ. ಪಕ್ಕದ ಹಳಿಯ ಮೇಲೆ ಹಳೆಯ ಉಗಿ ಎಂಜಿನ್, ಅದರ ಹಿಂದೆ ಹಲಗೆಯ ಗೂಡ್ಸ್ ಡಬ್ಬಿಗಳು. ಇದು ರಾಡೆಗಾಸ್ಟ್ ನಿಲ್ದಾಣ. 1942 ಮತ್ತು 1944ರಲ್ಲಿ ಈ ಊರಿನ ಗೆಟ್ಟೋದಿಂದ ಸುಮಾರು 1,45,000 ಯೆಹೂದಿಗಳನ್ನು ನಾಜಿಗಳು ಹತ್ಯಾ ಶಿಬಿರಗಳಿಗೆ ಕಳಿಸಿದರು. ಅವರಲ್ಲಿ ಹೆಚ್ಚಿನವರು ರೈಲು ಹತ್ತಿದ್ದು ಇಲ್ಲೇ.

ವೂಚ್ ಬಟ್ಟೆ ಗಿರಣಿಗಳ ಊರು. ಯುದ್ಧಕ್ಕೆ ಮೊದಲು ಇಲ್ಲಿನ ಜನರಲ್ಲಿ ಮೂರಕ್ಕೊಬ್ಬರು ಯೆಹೂದಿಗಳು. ಗಿರಣಿ ಮಾಲೀಕರಿಂದ ಹಿಡಿದು ನೇಕಾರರು, ದರ್ಜಿಗಳವರೆಗೆ ಎಲ್ಲರೂ ಅವರಲ್ಲಿದ್ದರು. 1939ರ ಸೆಪ್ಟೆಂಬರಿನಲ್ಲಿ ಜರ್ಮನ್ ಸೇನೆ ಬಂತು. ಊರಿನ ಹೆಸರು ಲಿಟ್ಜ್‌ಮನ್‌ಸ್ಟಾಟ್ ಎಂದಾಯಿತು. ಬಡವರೇ ತುಂಬಿದ್ದ ಬಾವೂಟಿ ಬಡಾವಣೆಯಲ್ಲಿ ಯೆಹೂದಿಗಳನ್ನು ಕೂಡಿಹಾಕಿ, ಬೇಲಿ ಸುತ್ತಿ, 1940ರ ಏಪ್ರಿಲ್ 30ರಂದು ಮುಚ್ಚಿದರು. ಇದೇ ಗೆಟ್ಟೋ. ಸುಮಾರು ನಾಲ್ಕು ಚದರ ಕಿಲೋಮೀಟರ್ ಜಾಗದೊಳಗೆ 1,60,000ಕ್ಕೂ ಹೆಚ್ಚು ಜನ! ನಗರದ ಟ್ರಾಮ್ ಓಡುವ ಮುಖ್ಯ ರಸ್ತೆಗಳು ಗೆಟ್ಟೋವನ್ನು ಸೀಳಿಕೊಂಡು ಹೋಗುತ್ತಿದ್ದವು. ಆ ರಸ್ತೆಗಳಿಗೆ ಕಾಲಿಡುವ ಹಕ್ಕು ಯೆಹೂದಿಗಳಿಗಿರಲಿಲ್ಲ. ಆಚೆ ಬದಿಗೆ ಹೋಗಲು ಮೂರು ಮರದ ಮೇಲ್ಸೇತುವೆ ಕಟ್ಟಿದರು. ಹಸಿವಿನಿಂದ ಕಾಲು ಊದಿದವರು ಆ ಮೆಟ್ಟಿಲುಗಳನ್ನೇ ಹತ್ತಿಳಿಯಬೇಕಿತ್ತು.

ರಾಡೆಗಾಸ್ಟ್ ಆಗ ಗೆಟ್ಟೋಗೆ ಅನ್ನದ ಬಾಗಿಲು. ಹಿಟ್ಟು, ಆಲೂಗಡ್ಡೆ, ಕಲ್ಲಿದ್ದಲು, ಬಟ್ಟೆಯ ಥಾನು ಇಲ್ಲಿ ಇಳಿಯುತ್ತಿದ್ದವು. ಸೈನಿಕರ ಸಮವಸ್ತ್ರ, ಟೋಪಿ, ಬೂಟು, ಹಾಸಿಗೆಗಳು ಇಲ್ಲಿಂದಲೇ ಹೊರಡುತ್ತಿದ್ದವು. ಗೆಟ್ಟೋದ ಯೆಹೂದಿ ಹಿರಿಯನಾಗಿ ನಾಜಿಗಳು ನೇಮಿಸಿದ್ದ ಖೈಮ್ ರುಮ್ಕೊವ್ಸ್ಕಿಯ ಲೆಕ್ಕಾಚಾರ ಒಂದೇ: ಜರ್ಮನರಿಗೆ ನಮ್ಮ ದುಡಿಮೆ ಬೇಕಾಗಿರುವವರೆಗೆ ನಾವು ಬದುಕಿರುತ್ತೇವೆ. ಸುಮಾರು ನೂರು ಕಾರ್ಖಾನೆಗಳು ಎದ್ದವು, ಮಕ್ಕಳೂ ಸೂಜಿ ಹಿಡಿದರು. ಆ ಲೆಕ್ಕ ಎಷ್ಟು ಪೊಳ್ಳೆಂದು ಇಂದು ಹೇಳುವುದು ಸುಲಭ. ಅಂದು ಹಸಿದ ಮನೆಗಳಿಗೆ ಬೇರೆ ಯಾವ ಭರವಸೆಯೂ ಉಳಿದಿರಲಿಲ್ಲ.

1941ರ ಶರತ್ಕಾಲದಲ್ಲಿ ಅದೇ ಪ್ಲಾಟ್‌ಫಾರಂಗೆ ಜನರೂ ಬಂದಿಳಿದರು. ವಿಯೆನ್ನಾ, ಪ್ರಾಗ್, ಬರ್ಲಿನ್, ಹ್ಯಾಂಬರ್ಗ್‌ನಂಥ ಊರುಗಳಿಂದ ಸುಮಾರು 20,000 ಯೆಹೂದಿಗಳು, ಆಸ್ಟ್ರಿಯಾದಿಂದ 5,000 ರೋಮಾ ಜನ. 1942ರ ಜನವರಿಯಲ್ಲಿ ಹೊರಡುವ ರೈಲುಗಳು ಶುರುವಾದವು. ಕೊವೊ ಎಂಬ ಪಟ್ಟಣದವರೆಗೆ ದೊಡ್ಡ ರೈಲು, ಮುಂದೆ ಹೆಲ್ಮ್ನೋ ಹಳ್ಳಿ. ಅಲ್ಲಿ ಲಾರಿಯ ಮುಚ್ಚಿದ ಡಬ್ಬಿಗೆ ಜನರನ್ನು ತುಂಬಿ, ಎಂಜಿನ್ನಿನ ಹೊಗೆಯನ್ನೇ ಒಳಕ್ಕೆ ಬಿಟ್ಟು ಕೊಲ್ಲುತ್ತಿದ್ದರು. ಸತ್ತವರ ಬಟ್ಟೆಗಳು ರಿಪೇರಿಗೆಂದು ಗೆಟ್ಟೋದ ಕಾರ್ಖಾನೆಗಳಿಗೇ ಬಂದವು.

ಈ ಪ್ರಯಾಣಕ್ಕೆ ಬಿಲ್ಲೂ ಇತ್ತು. ಗಡೀಪಾರಾದ ಯೆಹೂದಿಗಳ ತಲೆಲೆಕ್ಕದಲ್ಲಿ ಜರ್ಮನ್ ರೈಲ್ವೆ ಮೂರನೇ ದರ್ಜೆಯ ದರ ವಸೂಲು ಮಾಡುತ್ತಿತ್ತು. ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಉಚಿತ, ಹತ್ತರೊಳಗಿನವರಿಗೆ ಅರ್ಧ ಟಿಕೆಟ್, ಕನಿಷ್ಠ 400 ಜನರಿದ್ದರೆ ರಿಯಾಯಿತಿ. ಯೆಹೂದಿಗಳಿಗೆ ಹೋಗುವ ಟಿಕೆಟ್ ಮಾತ್ರ, ಕಾವಲಿನವರಿಗೆ ಹೋಗಿಬರುವ ಟಿಕೆಟ್. ಹಣ ಕೊಟ್ಟಿದ್ದು ಯೆಹೂದಿಗಳಿಂದಲೇ ಕಸಿದುಕೊಂಡ ಆಸ್ತಿಯಿಂದ. ಈ ದರಪಟ್ಟಿ ತಯಾರಿಸಿದವರು, ಟೈಂಟೇಬಲ್ ಬರೆದವರು, ಗಾರ್ಡು, ಡ್ರೈವರುಗಳು ದಿನದ ಕೆಲಸ ಮುಗಿಸಿ ಮನೆಗೆ ಹೋಗುತ್ತಿದ್ದ ನೌಕರರು. ರಾಡೆಗಾಸ್ಟ್‌ನಲ್ಲಿ ನಿಂತಾಗ ಎದೆ ಹಿಂಡುವ ಸಂಗತಿ ನನ್ನ ಮಟ್ಟಿಗೆ ಇದೇ.

1942ರ ಸೆಪ್ಟೆಂಬರ್ 4ರಂದು ರುಮ್ಕೊವ್ಸ್ಕಿ ಜನರ ಮುಂದೆ ನಿಂತು, ಮಕ್ಕಳನ್ನು ಒಪ್ಪಿಸಿ ಎಂದು ತಾಯ್ತಂದೆಯರನ್ನು ಬೇಡಿದ. ಮಾರನೆಯ ದಿನದಿಂದ ಒಂದು ವಾರ ಯಾರೂ ಮನೆಯಿಂದ ಹೊರಬರುವಂತಿರಲಿಲ್ಲ. ಹತ್ತು ವರ್ಷದೊಳಗಿನ ಮಕ್ಕಳು, 65 ದಾಟಿದ ಮುದುಕರು, ರೋಗಿಗಳು ಸೇರಿ 15,000ಕ್ಕೂ ಹೆಚ್ಚು ಜನರನ್ನು ಮನೆ ಮನೆ ಶೋಧಿಸಿ ಎಳೆದೊಯ್ದರು. 1944ರ ಆಗಸ್ಟ್‌ನಲ್ಲಿ ಉಳಿದವರ ಸರದಿ. ಜರ್ಮನಿಯಲ್ಲಿ ಕೆಲಸ ಕೊಡುತ್ತೇವೆಂದು ಗೆಟ್ಟೋ ಆಡಳಿತದ ಮುಖ್ಯಸ್ಥ ಹಾನ್ಸ್ ಬೀಬೋ ನಂಬಿಸಲು ನೋಡಿದ. ರೈಲು ಹೋಗಿದ್ದು ಆಶ್ವಿಟ್ಜ್ ಹತ್ಯಾ ಶಿಬಿರಕ್ಕೆ. ರುಮ್ಕೊವ್ಸ್ಕಿಯೂ ಕುಟುಂಬ ಸಮೇತ ಅದೇ ದಾರಿಯಲ್ಲಿ ಹೋಗಿ ಅಲ್ಲೇ ಸತ್ತ.

2005ರಲ್ಲಿ ಇಲ್ಲಿ ಸ್ಮಾರಕ ಎದ್ದಿತು. ಹಳಿಯ ಪಕ್ಕದಲ್ಲೇ ಉದ್ದಕ್ಕೂ ಕಾಂಕ್ರೀಟಿನ ಸುರಂಗ, ಅದರ ಗೋಡೆಯ ಮೇಲೆ ಸಾಗಣೆ ಪಟ್ಟಿಗಳ ಪ್ರತಿಗಳು. ಹೆಸರು, ಹುಟ್ಟಿದ ದಿನ, ಗೆಟ್ಟೋದ ವಿಳಾಸ, ಎಲ್ಲ ಟೈಪ್ ಮಾಡಿದ ಅಚ್ಚುಕಟ್ಟಾದ ಸಾಲುಗಳು. ಸಾವಿರಗಳ ಲೆಕ್ಕದಲ್ಲಿ ಕಳೆದುಹೋಗುವವರನ್ನು ಇಲ್ಲಿ ಒಬ್ಬೊಬ್ಬರನ್ನಾಗಿ ಓದಬಹುದು. ಒಂದೇ ವಿಳಾಸದ ಕೆಳಗೆ ಅಪ್ಪ, ಅಮ್ಮ, ಮಗು ಸಿಕ್ಕಾಗ ಅದೊಂದು ಮನೆಯೆಂದು ಹೊಳೆಯುತ್ತದೆ. ಹೋಗುವವರು ಒಂದು ಪುಟವನ್ನಾದರೂ ಪೂರ್ತಿ ಓದಿ ಬರಬೇಕು. ಹತ್ತಿರದ ಯೆಹೂದಿ ಸ್ಮಶಾನದಲ್ಲಿ, ಗೆಟ್ಟೋದೊಳಗೇ ಹಸಿವು, ಕ್ಷಯಗಳಿಗೆ ಬಲಿಯಾದ 40,000ಕ್ಕೂ ಹೆಚ್ಚು ಜನರ ಸಮಾಧಿಗಳಿವೆ.

ಹೆನ್ರಿಕ್ ರಾಸ್ ಗೆಟ್ಟೋ ಕಚೇರಿಗೆ ಗುರುತುಚೀಟಿಯ ಫೋಟೊ ತೆಗೆಯುತ್ತಿದ್ದವರು. ಒಮ್ಮೆ ಇದೇ ನಿಲ್ದಾಣದ ಸಿಮೆಂಟ್ ಉಗ್ರಾಣದಲ್ಲಿ ಅಡಗಿ ಕುಳಿತು, ಹಲಗೆಯ ತೂತಿನಿಂದ ಜನರನ್ನು ರೈಲಿಗೆ ತುಂಬುವುದನ್ನು ಕ್ಯಾಮೆರಾದಲ್ಲಿ ಹಿಡಿದರು. ಸಿಕ್ಕಿಬಿದ್ದಿದ್ದರೆ ತಲೆ ಹೋಗುತ್ತಿತ್ತು. ಸುಮಾರು 6,000 ನೆಗೆಟಿವ್‌ಗಳನ್ನು ಪೆಟ್ಟಿಗೆಯಲ್ಲಿಟ್ಟು ನೆಲದಲ್ಲಿ ಹೂತರು. ಊರು ಬಿಡುಗಡೆಯಾದ ಮೇಲೆ, 1945ರ ಮಾರ್ಚ್‌ನಲ್ಲಿ ಅಗೆದು ತೆಗೆದಾಗ ಅರ್ಧದಷ್ಟು ಉಳಿದಿದ್ದವು. 1961ರಲ್ಲಿ ಜೆರುಸಲೇಮಿನಲ್ಲಿ ನಾಜಿ ಅಧಿಕಾರಿ ಐಕ್‌ಮನ್‌ನ ವಿಚಾರಣೆ ನಡೆದಾಗ ರಾಸ್ ಕಟಕಟೆ ಹತ್ತಿ ಸಾಕ್ಷಿ ನುಡಿದರು, ಅವರ ಚಿತ್ರಗಳನ್ನು ನ್ಯಾಯಾಲಯ ಪುರಾವೆಯಾಗಿ ಪಡೆಯಿತು.