ಕ್ರೋಮಿನ ಕೆಳಗಿನ ಕಿಲುಬು

ಅರಸೀಕೆರೆ, ಕಣಕಟ್ಟೆ ಕಡೆ ಯಾರದೋ ಅಟ್ಟದಲ್ಲಿ ರೀಲಿನ ಕಾಲದ ಯಾಶಿಕಾ ಕ್ಯಾಮೆರಾ ಸಿಕ್ಕರೆ, ಮೊದಲು ಚರ್ಮದ ಚೀಲದಿಂದ ಹೊರತೆಗೆದು ನೋಡಿ. ಬೆಳ್ಳಗೆ ಹೊಳೆಯುವ ಅಂಚಿನಲ್ಲಿ, ಸ್ಕ್ರೂಗಳ ಸುತ್ತ ಮೇಣದಂಥ ಹಸಿರು ಕೂತಿದ್ದರೆ ಅದು ಬೂಷ್ಟಲ್ಲ, ಕಿಲುಬು.

ಹಳೆಯ ಒಳ್ಳೆಯ ಕ್ಯಾಮೆರಾಗಳಲ್ಲಿ ಹಿತ್ತಾಳೆಯ ಮೇಲೆ ನಿಕಲ್, ಅದರ ಮೇಲೆ ಕ್ರೋಮ್ ಲೇಪಿಸುವುದು ವಾಡಿಕೆ. ಹೊಳಪಿನ ಈ ಕ್ರೋಮ್ ಪದರ ಸಾಮಾನ್ಯವಾಗಿ 1 ಮೈಕ್ರಾನ್‌ಗಿಂತ ತೆಳು, ಅಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲೂ ಇಲ್ಲ. ಅದರಲ್ಲಿ ಕಣ್ಣಿಗೆ ಕಾಣದ ಬಿರುಕುಗಳಿರುತ್ತವೆ. ನಿಕಲ್ಲಿನಲ್ಲೂ ತೂತಿದ್ದರೆ ಬೆವರಿನ ಉಪ್ಪು ನೇರ ಹಿತ್ತಾಳೆಗೆ ಇಳಿಯುತ್ತದೆ. ಬೇರೆ ಬೇರೆ ಲೋಹ, ನಡುವೆ ಉಪ್ಪುನೀರು ಸೇರಿದರೆ ಸಣ್ಣ ವಿದ್ಯುತ್ ಕೋಶವೇ ಆಯಿತು. ಸವೆಯುವುದು ಮೇಲಿನ ಕ್ರೋಮ್ ಅಲ್ಲ, ಒಳಗಿನ ಲೋಹ. ಕಲಾಯಿ ಬಿಟ್ಟ ಪಾತ್ರೆಯಲ್ಲಿ ಮಜ್ಜಿಗೆ ಕಿಲುಬುವುದೂ ಹೀಗೆ ಒಳಲೋಹ ಹೊರಬಿದ್ದಾಗಲೇ. ತಳದಲ್ಲಿ ಹಿತ್ತಾಳೆಯ ಬದಲು ಸತುವಿನ ಮಿಶ್ರಲೋಹವಿದ್ದರೆ ಹಸಿರಿಲ್ಲ; ಲೇಪನ ಗುಳ್ಳೆಯೆದ್ದು ಬಿಳಿಪುಡಿ ಉದುರುತ್ತದೆ. ಅದಕ್ಕೆ ಮದ್ದಿಲ್ಲ.

ಚರ್ಮದ ಚೀಲವನ್ನು ನಾನಂತೂ ನಂಬುವುದಿಲ್ಲ. ಅದು ತೇವ ಹಿಡಿದಿಟ್ಟುಕೊಳ್ಳುತ್ತದೆ. ಚರ್ಮ ಹದ ಮಾಡಿದ ಕೊಬ್ಬು ತಾಮ್ರದೊಂದಿಗೆ ಕೂಡಿ ಆ ಹಸಿರು ಮೇಣವಾಗುತ್ತದೆ. ಜರ್ಮನಿಯ ಝೈಸ್ ಐಕಾನ್ ಕ್ಯಾಮೆರಾಗಳಲ್ಲಿ ಹೊದಿಕೆಯ ಅಡಿಯ ರಿವೆಟ್‌ಗಳು ಕಿಲುಬಿ ಚರ್ಮವನ್ನೇ ಉಬ್ಬಿಸುತ್ತವೆ. ಸಂಗ್ರಾಹಕರು ಇದಕ್ಕೆ ‘ಝೈಸ್ ಬಂಪ್ಸ್’ ಎಂದೇ ಹೆಸರಿಟ್ಟಿದ್ದಾರೆ.

ಮಂಗಳೂರಿನ ಕಡಲಗಾಳಿ ನಮ್ಮ ಬಯಲುಸೀಮೆಗಿಲ್ಲ, ಅದು ಪುಣ್ಯ. ಬೇಲೂರು ದಾಟಿ ಸಕಲೇಶಪುರದ ಕಡೆ ಆಷಾಢದಲ್ಲಿ ಹೋದರೆ ಮಾತು ಬೇರೆ. ಇಲ್ಲಿ ಕಾಟ ಕೊಡುವುದು ಮದುವೆ ಸೀಸನ್ನಿನ ಬೆವರು, ಆಮೇಲೆ ಫ್ಲಾಶ್‌ನಲ್ಲಿ ಮರೆತ ಸೆಲ್. ಆಲ್ಕಲೈನ್ ಸೆಲ್ ಸೋರಿದರೆ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಹೊರಬಂದು ಬಿಳಿಯಾಗಿ ಗಟ್ಟಿಯಾಗುತ್ತದೆ. ಅದು ಕ್ಷಾರ, ಹತ್ತಿಕಡ್ಡಿಗೆ ಒಂದೆರಡು ಹನಿ ನಿಂಬೆರಸ ತಾಗಿಸಿ ಒರೆಸಿ, ಮೇಲೆ ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ತೊಡೆದು ಒಣಗಿಸಿ. ಬರಿಗೈಯಲ್ಲಿ ಮುಟ್ಟಬೇಡಿ, ಕಣ್ಣು ಜೋಪಾನ.

ಹಸಿರು ಕಿಲುಬಿಗೆ ಮಾತ್ರ ಹುಳಿ ಬೇಡ. ಹಿತ್ತಾಳೆ ಚೊಂಬಿಗೆ ಹುಣಸೆಹಣ್ಣು ಸರಿ. ಕ್ಯಾಮೆರಾದಲ್ಲಿ ಆ ಹುಳಿ ಸಂದಿಗಿಳಿದು ಉಳಿಯುತ್ತದೆ. ಮರದ ಹಲ್ಲುಕಡ್ಡಿಯಿಂದ ಕೆರೆದು ಆಲ್ಕೋಹಾಲ್‌ನಲ್ಲಿ ಒರೆಸಿದರೆ ಸಾಕು. ಲೆನ್ಸ್ ಹಿಂಬದಿಯ ಚಿನ್ನಲೇಪಿತ ಚುಕ್ಕೆಗಳನ್ನು ರಬ್ಬರಿನಿಂದ ಉಜ್ಜುವವರಿದ್ದಾರೆ. ಉಜ್ಜಿದಷ್ಟೂ ಚಿನ್ನ ಸವೆಯುತ್ತದೆ.

ಎತ್ತಿಡುವಾಗ ಸೆಲ್ ತೆಗೆದು, ಚರ್ಮದ ಚೀಲ ಬಿಟ್ಟು, ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡಿ. ನೀಲಿ ಹರಳು ಗುಲಾಬಿಯಾದರೆ ತೇವ ತುಂಬಿದೆ ಎಂದರ್ಥ. ಬಿಸಿ ಮಾಡಿ ಮತ್ತೆ ಬಳಸಬಹುದು, ಅಡುಗೆಯ ಬಾಣಲೆಯಲ್ಲಿ ಮಾತ್ರ ಹುರಿಯಬೇಡಿ: ಆ ನೀಲಿ ಕೋಬಾಲ್ಟಿನದು, ವಿಷ.